ಕೊಡೆಯ ತೂತಿನಲ್ಲಿ ಕಂಡ ಹಕ್ಕಿಗಳು

ಮೊನ್ನೆ ಕೊಡೆ ರಿಪೇರಿಯವನೊಬ್ಬ ನಮ್ಮ ಬೀದಿಗೆ ಬಂದಿದ್ದ. ಮಳೆಗಾಲಕ್ಕೆ ಹದಿನೈದು ದಿನ ಇರುವಾಗ ಕೂಗಿಕೊಂಡು ಬರುವ ಈ ಜನ ಈಗ ಅಪರೂಪ. ಮನೆಯಲ್ಲಿದ್ದ ಮೂರು ಕೊಡೆಗಳ ಜೊತೆಗೆ ಬೀರುವಿನ ಹಿಂದೆ ಸಿಕ್ಕಿಕೊಂಡಿದ್ದ ನಾಲ್ಕನೆಯದನ್ನೂ ಎಳೆದು ತಂದೆ. ಬೆತ್ತದ ಹಿಡಿಯ, ದೊಡ್ಡ ಕಪ್ಪು ಕೊಡೆ. ಅವನು ಅದನ್ನು ಬಿಚ್ಚಿ ಬೆಳಕಿಗೆ ಹಿಡಿದು, ಬಟ್ಟೆಯಲ್ಲಿದ್ದ ಒಂದು ತೂತಿನೊಳಗೆ ಬೆರಳು ತೂರಿಸಿ ನನ್ನನ್ನೇ ನೋಡಿದ.

“ಇಲಿ ಕಡಿದಿದ್ದಲ್ಲ ಸಾರ್ ಇದು. ಸುತ್ತ ಕಾಜಾ ಹಾಕಿದಾರೆ. ಕೊಡೆಗೆ ಯಾರಾದ್ರೂ ಕಾಜಾ ಹಾಕ್ತಾರಾ? ಗುಂಡಿ ಎಲ್ಲಿ ಮತ್ತೆ?”

ಅವನ ಪ್ರಶ್ನೆ ನ್ಯಾಯವಾಗಿಯೇ ಇತ್ತು. “ತೂತು ಹಾಗೇ ಇರಲಿ, ಕಡ್ಡಿ ಮಾತ್ರ ಸರಿ ಮಾಡಪ್ಪಾ” ಅಂದೆ. ತೂತು ಬಿಟ್ಟು ಕಡ್ಡಿ ಸರಿ ಮಾಡಿಸುವ ಗಿರಾಕಿಯನ್ನು ಅವನು ಇದೇ ಮೊದಲು ನೋಡಿರಬೇಕು. “ಆಯ್ತು ಸಾರ್, ಆಯ್ತು” ಎಂದು ಬಹಳ ಮೆದುವಾಗಿ ಹೇಳಿ ಕೆಲಸಕ್ಕೆ ಕೂತ. ಅವನಿಗೆ ಹೇಳದೆ ಉಳಿಸಿಕೊಂಡದ್ದನ್ನು ನಿಮಗೆ ಹೇಳುತ್ತೇನೆ, ಬಿಡುವಿದ್ದರೆ ಕೂತುಕೊಳ್ಳಿ.

ಶಿಕಾರಿಪುರದಲ್ಲಿ ನಮ್ಮದು ಪಾತ್ರೆ ಅಂಗಡಿ. ಅಜ್ಜನ ಕಾಲಕ್ಕೆ ಅದು ತಾಮ್ರ ಹಿತ್ತಾಳೆಯ ಅಂಗಡಿ. ನಾನು ಅಪ್ಪನ ಪಕ್ಕ ನಿಲ್ಲುವ ಹೊತ್ತಿಗೆ, ಅಂದರೆ ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಮುಕ್ಕಾಲು ಭಾಗ ಸ್ಟೀಲು ಬಂದು ಕೂತಿತ್ತು. ಮಾರಿದ ಪಾತ್ರೆಗಳಿಗೆ ಹೆಸರು ಹಾಕುವುದು ನನ್ನ ಕೆಲಸ. ಸಣ್ಣ ಉಳಿ, ಸಣ್ಣ ಸುತ್ತಿಗೆ. ಟಕ್ ಟಕ್ ಎಂದು ಚುಕ್ಕಿ ಕೂಡಿಸುತ್ತ ಹೋದರೆ ಕೊಡದ ಕುತ್ತಿಗೆಯ ಮೇಲೆ ಯಾರದೋ ಮಗಳ ಹೆಸರು ಮೂಡುತ್ತಿತ್ತು. ನನಗೆ ಆ ಕೆಲಸ ಇಷ್ಟವೇ ಆಗಿತ್ತು. ತೊಂದರೆ ಇದ್ದದ್ದು ಹೆಸರು ಮುಗಿದ ಮೇಲೆ ಉಳಿಯುವ ಖಾಲಿ ಜಾಗದಲ್ಲಿ. ಖಾಲಿ ಜಾಗ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ.

ಉಡುತಡಿಯ ಕಡೆಯ ಗೌಡರೊಬ್ಬರು ಮಗಳ ಮದುವೆಗೆ ಒಂದು ಗಾಡಿ ಪಾತ್ರೆ ಕೊಂಡರು. ಹೆಸರು ಹಾಕಿದೆ, ಹೆಸರಿನ ಪಕ್ಕಕ್ಕೆ, ಯಾರೂ ಕೇಳದೆ ಇದ್ದರೂ, ಒಂದೊಂದು ಮಿಂಚುಳ್ಳಿಯನ್ನು ಕೂರಿಸಿದೆ. ಚೆನ್ನಾಗಿಯೇ ಬಂದಿದ್ದವು. ಬೀಗರ ಮನೆಯಲ್ಲಿ ಮಾತ್ರ “ಇದು ಬೇರೆ ಯಾರದೋ ಮನೆ ಗುರುತು, ಹಳೇ ಪಾತ್ರೆ ತಿಕ್ಕಿ ಕೊಟ್ಟಿದ್ದಾರೆ” ಎಂದು ಗುಸುಗುಸು ಎದ್ದಿತು. ಗೌಡರು ಅಷ್ಟೂ ಪಾತ್ರೆಯನ್ನು ತಂದು ಅಂಗಡಿಯ ಮುಂದೆ ಇಳಿಸಿದರು. ಅಪ್ಪ ಹೊಸ ಪಾತ್ರೆ ತುಂಬಿ ಕಳಿಸಿ, ಅಕ್ಕಪಕ್ಕದ ಅಂಗಡಿಯವರಿಗೆಲ್ಲ ಕೇಳುವ ಹಾಗೆ ಹೇಳಿದರು.

“ಹೆಸರು ಹಾಕಲೇ ಅಂದ್ರೆ ಹಕ್ಕಿ ಹಾಕ್ತಾನಲ್ರೀ ಇವ್ನು! ಇನ್ನೊಂದ್ಸಲ ಚಿತ್ರ ಗಿತ್ರ ಅಂದ್ರೆ ಈ ಸುತ್ತಿಗೆ ನಿನ್ನ ಬೆಟ್ಟಿಗೇ ಬೀಳ್ತದೆ ನೋಡು.”

ಅವತ್ತಿನಿಂದ ಮನೆಯಲ್ಲಿ ಚಿತ್ರದ ಸುದ್ದಿ ಎತ್ತುವ ಹಾಗಿರಲಿಲ್ಲ. ಬರೆಯುವುದನ್ನು ನಾನು ಬಿಡಲೂ ಇಲ್ಲ. ಕದ್ದು ಬರೆಯತೊಡಗಿದೆ, ಅಷ್ಟೇ.

ಈ ಚಟ ಹತ್ತಿದ್ದು ಬಳ್ಳಿಗಾವಿಯಲ್ಲಿ. ಅವ್ವನ ತವರು ಅದು. ಬೇಸಿಗೆ ರಜೆಯಲ್ಲಿ ಅಲ್ಲಿನ ದೇವಸ್ಥಾನದ ನೆರಳಲ್ಲಿ ಕೂತು ಕಲ್ಲಿನ ಗಂಡಭೇರುಂಡವನ್ನು ಸ್ಲೇಟಿನ ಮೇಲೆ ಬರೆಯುತ್ತಿದ್ದೆ. ಎರಡು ತಲೆ ಇದ್ದರೂ ಒಂದನ್ನೂ ಅಲ್ಲಾಡಿಸದ ಸಂಭಾವಿತ ಹಕ್ಕಿ. ಬೆಳಿಗ್ಗೆ ಅರ್ಧ ಬರೆದು, ಊಟ ಮಾಡಿ, ನಿದ್ದೆ ಮಾಡಿ ಬಂದರೂ ಹಾಗೇ ಕಾದಿರುತ್ತಿತ್ತು. ನನಗೆ ಚಿತ್ರ ಬರುತ್ತದೆ ಎಂಬ ಭ್ರಮೆ ಹುಟ್ಟಿಸಿದ್ದೇ ಅದು. ಜೀವ ಇರುವ ಹಕ್ಕಿಯ ಮುಂದೆ ಕೂತ ದಿನ ಆ ಭ್ರಮೆ ಇಳಿಯಿತು. ಕೊಕ್ಕು ಎಳೆಯುವಷ್ಟರಲ್ಲಿ ಅದು ಬೆನ್ನು ತಿರುಗಿಸುತ್ತದೆ. ಬೆನ್ನು ಎಳೆಯೋಣ ಎಂದರೆ ಹಾರಿರುತ್ತದೆ. ನನ್ನ ಮೊದಲ ಡ್ರಾಯಿಂಗ್ ಪುಸ್ತಕದ ಒಂದು ಹಾಳೆಯಲ್ಲಿ ಏಳು ತಲೆ, ನಾಲ್ಕು ಬಾಲ, ಯಾರದೆಂದು ಗೊತ್ತಾಗದ ಒಂದು ಕಾಲು ಇವೆ.

ಹಕ್ಕಿಗಳು ಹೆದರುವುದು ಮನುಷ್ಯನ ಮುಖಕ್ಕೆ. ಇದನ್ನು ಕಂಡುಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು. ಮುಖ ಮುಚ್ಚಿಕೊಂಡು ನೋಡುವುದು ಹೇಗೆ ಎಂದು ಯೋಚಿಸಿ, ಅಜ್ಜನ ಕೊಡೆಗೆ ಒಂದು ಕಣ್ಣಿನಷ್ಟು ಅಗಲದ ತೂತು ಮಾಡಿ, ಬಟ್ಟೆ ಹರಿಯದಿರಲೆಂದು ಗೆಳೆಯನಾಗಿದ್ದ ಟೇಲರ್ ಹತ್ತಿರ ಸುತ್ತ ಕಾಜಾ ಹಾಕಿಸಿದೆ. ನಮ್ಮೂರ ಕೆರೆಯ ಏರಿ ದಾಟಿ, ಜೊಂಡು ಬೆಳೆದ ಹಿನ್ನೀರಿನ ಅಂಚಿಗೆ ಹೋಗಿ, ಕೊಡೆಯನ್ನು ಬಿಚ್ಚಿ ನೆಲಕ್ಕೆ ಅಡ್ಡ ಊರುತ್ತಿದ್ದೆ. ಅದರ ಹಿಂದೆ ಗೋಣಿಚೀಲ ಹಾಸಿ ನಾನು. ಮಂಡಿಯ ಮೇಲೆ ರಟ್ಟು, ರಟ್ಟಿನ ಮೇಲೆ ಹಳೇ ಕ್ಯಾಲೆಂಡರಿನ ಹಾಳೆಯ ಬೆನ್ನು. ಬಣ್ಣಕ್ಕೆ ನೀರು ಬೇಕಲ್ಲ, ಅಂಗಡಿಯಲ್ಲಿ ಸೊಟ್ಟಾಗಿ ಮೂಲೆ ಸೇರಿದ್ದ ಒಂದು ಹಿತ್ತಾಳೆ ಚೊಂಬು ಪಕ್ಕದಲ್ಲಿ.

ಆ ಬೆಳಗುಗಳನ್ನು ಹೇಗೆ ಹೇಳಲಿ? ಚಳಿಗಾಲದಲ್ಲಿ ಕೆರೆಗೂ ಆಕಾಶಕ್ಕೂ ನಡುವೆ ಗೆರೆಯೇ ಇರುತ್ತಿರಲಿಲ್ಲ. ಎಲ್ಲ ಒಂದೇ ಬೂದು ಬಣ್ಣ. ಆ ಬೂದಿನೊಳಗಿಂದ ಮೊದಲು ಒಂದು ಗುಳುಕ್ ಶಬ್ದ ಬರುತ್ತಿತ್ತು, ಗುಳುಮುಳುಕ ಮುಳುಗಿದ್ದು. ಆಮೇಲೆ ಕೊಳದ ಬಕ ಕಾಣುತ್ತಿತ್ತು. ಅದು ಇದ್ದಲ್ಲೇ ಇತ್ತು, ಕಾಣಲು ನನ್ನ ಕಣ್ಣಿಗೆ ಹೊತ್ತು ಬೇಕಾಗುತ್ತಿತ್ತು. ಕುತ್ತಿಗೆ ಒಳಕ್ಕೆ ಎಳೆದುಕೊಂಡು, ಏನನ್ನೋ ಮರೆತು ನೆನಪು ಮಾಡಿಕೊಳ್ಳುತ್ತಿರುವವರ ಹಾಗೆ ನಿಂತಿರುತ್ತಿತ್ತು. ನಾನೂ ತೂತಿಗೆ ಕಣ್ಣಿಟ್ಟು ಹಾಗೇ ಕೂತಿರುತ್ತಿದ್ದೆ. ಸ್ವಲ್ಪ ಹೊತ್ತಿಗೆ ಶಿಕಾರಿಪುರ, ಅಂಗಡಿ, ಅಪ್ಪ, ನನ್ನ ಹೆಸರು ಎಲ್ಲ ಎಲ್ಲೋ ಹೋಗಿ, ಒಂದು ಕಣ್ಣೂ ಒಂದು ಪೆನ್ಸಿಲ್ಲೂ ಮಾತ್ರ ಉಳಿಯುತ್ತಿದ್ದವು. ಎರಡು ತಾಸು ಕಳೆದದ್ದು ಕಾಲಿಗೆ ಜೋಮು ಹಿಡಿದಾಗಲೇ ತಿಳಿಯುತ್ತಿತ್ತು. ಅಷ್ಟು ಸುಖವಾಗಿ ನಾನು ಬದುಕಿನಲ್ಲಿ ಬೇರೆಲ್ಲೂ ಕೂತಿಲ್ಲ.

ಒಮ್ಮೆ ಆಸೆಬಿದ್ದು ಸೊರಬದ ಆಚೆ ಗುಡವಿಗೂ ಹೋಗಿದ್ದೆ. ಮಳೆಗಾಲ, ಕೆರೆಯೊಳಗಿನ ಮರಗಳ ಮೇಲೆ ಎಲೆ ಕಾಣದಷ್ಟು ಬಿಳಿ ಹಕ್ಕಿಗಳು, ಗೂಡು, ಗಲಾಟೆ. ಯಾವುದನ್ನು ನೋಡಲಿ ಎಂದು ನೋಡುತ್ತಲೇ ಸಂಜೆ ಬಸ್ಸಿನ ಹೊತ್ತಾಯಿತು. ಹಾಳೆ ಖಾಲಿಯೇ ವಾಪಸ್ಸು ತಂದೆ. ನನ್ನಂಥವನಿಗೆ ಒಂದು ಹಕ್ಕಿ ಸಾಕು, ಎರಡಾದರೆ ಕಕ್ಕಾಬಿಕ್ಕಿ.

ನಮ್ಮೂರ ಕೆರೆಯಲ್ಲಿ ಇನ್ನೊಂದು ಅನುಕೂಲವಿತ್ತು. ಎರಡು ವರ್ಷದಲ್ಲಿ ಒಬ್ಬರೂ ನನ್ನ ಹತ್ತಿರ ಬಂದು “ಏನು ಮಾಡ್ತಿದೀಯ” ಎಂದು ಕೇಳಲಿಲ್ಲ. ಏರಿಯ ಮೇಲೆ ಹೋಗುವವರು ದೂರದಿಂದಲೇ ಒಂದು ಸಲ ಕೆಮ್ಮಿ, ಮುಖ ಆಚೆ ತಿರುಗಿಸಿ ನಡೆದುಬಿಡುತ್ತಿದ್ದರು. ಎಷ್ಟು ಒಳ್ಳೆಯ ಜನ, ಕಲೆಗೆ ಎಷ್ಟು ಮರ್ಯಾದೆ ಎಂದುಕೊಂಡಿದ್ದೆ. ಬೆಳಗಿನ ಹೊತ್ತು ಊರಿನ ಎಲ್ಲರಿಗೂ ಕೆಮ್ಮು ಇರುವುದು ಮಂಜಿನಿಂದಲೇ ಎಂದೂ ತೀರ್ಮಾನ ಮಾಡಿದ್ದೆ. ನೀವು ಆಗಲೇ ನಗುತ್ತಿದ್ದೀರಿ. ನಗಿ. ನನಗೆ ಗೊತ್ತಾಗಲು ಒಂದು ಮದುವೆ ಮಾತುಕತೆಯೇ ಬೇಕಾಯಿತು.

ನನ್ನ ಅಕ್ಕನನ್ನು ಸೊರಬಕ್ಕೆ ಕೊಟ್ಟಿದ್ದರು. ಭಾವನದು ಅಲ್ಲಿ ಬಟ್ಟೆ ಅಂಗಡಿ. ಸಂಕ್ರಾಂತಿ ಕಳೆದ ಮೇಲೆ ಅವರೇ ಒಂದು ಹೆಣ್ಣು ತೋರಿಸಿದರು. ಹೆಸರು ಸುಮಂಗಲಾ. ತಂದೆ ಇಲ್ಲ, ಅವರೂ ತಾಯಿಯೂ ಸೋದರಮಾವನ ಮನೆಯಲ್ಲಿದ್ದರು. ಮಾವ ಭತ್ತದ ಗಿರಣಿ ನಡೆಸುವವರು, ಮನೆಯಲ್ಲಿ ಅವರದೇ ಮಾತು. ಹಿರಿಯರೆಲ್ಲ ಮಳೆ ಬೆಳೆ ಮಾತಾಡುತ್ತಿರುವಾಗ ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದೆ. ಹಿತ್ತಲ ಬಾವಿಕಟ್ಟೆಯ ಮೇಲೆ ಮಡಿವಾಳ ಹಕ್ಕಿಯೊಂದು ಕೂತು ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಕಪ್ಪು ಬಿಳುಪು ಅಂಗಿ ಹಾಕಿದ, ಬಲು ಶಿಸ್ತಿನ ಹಕ್ಕಿ. ಹುಡುಗಿ ಬಂದದ್ದು, ಕೂತದ್ದು ನನಗೆ ಗೊತ್ತಾಗಲಿಲ್ಲ. ಭಾವ ತೊಡೆ ಚಿವುಟಿದಾಗ ಬೆಚ್ಚಿ ತಿರುಗಿದರೆ, ಅವರೂ ಅದೇ ಕಿಟಕಿಯ ಕಡೆ ನೋಡುತ್ತಿದ್ದರು.

“ಏನಾದ್ರೂ ಕೇಳೋದಿದ್ರೆ ಕೇಳಪ್ಪ” ಎಂದರು ಯಾರೋ. ಓದು, ಅಡುಗೆ, ಹಾಡು ಇತ್ಯಾದಿ ಕೇಳಬೇಕೆಂದು ದಾರಿಯಲ್ಲಿ ಭಾವ ಹೇಳಿಕೊಟ್ಟಿದ್ದರು. ನನ್ನ ಬಾಯಿಂದ ಬಂದದ್ದು, “ಅದು ದಿನಾ ಬರುತ್ತಾ?”

“ಬೆಳಿಗ್ಗೆ ಆರಕ್ಕೆ ಸರಿಯಾಗಿ ಬರ್ತದೆ. ನಾನು ನೀರು ಸೇದೋ ತನಕ ಕೂತಿರ್ತದೆ” ಎಂದರು ಸುಮಂಗಲಾ, ಬೇರೆ ಯಾವ ಪ್ರಶ್ನೆಯನ್ನೂ ನಿರೀಕ್ಷಿಸದೇ ಇದ್ದವರ ಹಾಗೆ.

ಅಷ್ಟೇ ಮಾತು. ವಾಪಸ್ಸು ಬರುವ ಬಸ್ಸಿನಲ್ಲಿ ನಾನು ಬೇರೆಯೇ ಲೋಕದಲ್ಲಿದ್ದೆ. ಮದುವೆಯಾದರೆ ಇವರನ್ನೇ, ಇಲ್ಲದಿದ್ದರೆ ಕೊಡೆಯ ಹಿಂದೆಯೇ ಮುದುಕನಾಗುತ್ತೇನೆ ಎಂದು ಶಿರಾಳಕೊಪ್ಪ ಬರುವುದರೊಳಗೆ ನಿಶ್ಚಯ ಮಾಡಿದ್ದೆ. ಆಗ ನನಗೆ ಇಪ್ಪತ್ತಾರು.

ಹದಿನೈದು ದಿನವಾದರೂ ಸೊರಬದಿಂದ ಸುದ್ದಿಯಿಲ್ಲ. ಕೊನೆಗೆ ಭಾವನೇ ಬಂದರು. ಕಾಫಿ ಕುಡಿದು, ಲೋಟವನ್ನು ಮೂರು ಸಲ ತಿರುಗಿಸಿಟ್ಟು, ಅಪ್ಪನ ಕಡೆ ಬಗ್ಗಿ ತಗ್ಗಿದ ದನಿಯಲ್ಲಿ ಹೇಳಿದ್ದು ಒಳಕೋಣೆಯಲ್ಲಿದ್ದ ನನಗೂ ಕೇಳಿತು.

“ಹುಡುಗನ ಹೊಟ್ಟೆ ಸರಿ ಇಲ್ಲಂತೆ ಅಂತಾರೆ ಆ ಹುಡುಗಿ ಮಾವ. ಅವರ ಕಡೇರು ಒಬ್ರು ರಿಟೈರ್ಡ್ ಶಿರಸ್ತೇದಾರ್ರು ಈ ಊರಾಗೇ ಅದಾರೆ. ದಿನಾ ಏರಿ ಮೇಲೆ ವಾಕಿಂಗ್ ಹೋಗ್ತಾರೆ. ಆರರಿಂದ ಎಂಟರ ತನಕ, ಕೊಡೆ ಮರೆ ಮಾಡ್ಕೊಂಡು, ಚೊಂಬು ಸಹಿತ ಕೂತಿರ್ತಾನೆ, ಮಳೆ ಚಳಿ ಒಂದು ದಿನಾನೂ ತಪ್ಪಿಲ್ಲ ಅಂತ ಬರೆದು ತಿಳಿಸ್ಯಾರೆ.”

ಆ ಕೆಮ್ಮುಗಳೆಲ್ಲ ಒಂದಾದ ಮೇಲೊಂದು ನೆನಪಾದವು. ಬೆಳಗಾಗುವಾಗ ಕೆರೆಯಂಚಿನಲ್ಲಿ ಚೊಂಬು ಇಟ್ಟುಕೊಂಡು ಮರೆಯಲ್ಲಿ ಕೂತವನ ಬಗ್ಗೆ ಯಾವ ಮರ್ಯಾದಸ್ಥನಾದರೂ ಇನ್ನೇನು ತಿಳಿಯಬೇಕು? ಅಪ್ಪ ಈಗ ಗುಡುಗುತ್ತಾರೆ, ನನ್ನ ಪರವಾಗಿ ನಾಲ್ಕು ಮಾತು ಆಡುತ್ತಾರೆ ಎಂದು ಕಾದೆ. ಅಪ್ಪ ತಲೆಯಾಡಿಸಿ, “ಅವರು ಹೇಳಿದ್ದು ಸುಳ್ಳೇನಲ್ಲ” ಎಂದರು.

“ಎರಡು ವರ್ಷದಿಂದ ದಾಳಿಂಬ್ರೆ ಸಿಪ್ಪೆ ಕಷಾಯ ಸುಮ್ನೆ ಕುಡಿಸ್ತೀನಾ?” ಎಂದು ಅವ್ವ ಅಡುಗೆಮನೆಯಿಂದ ಮೂಗು ಸೀಟಿದರು. “ಗೊತ್ತಾದ್ರೆ ಬೇಜಾರು ಮಾಡ್ಕೊಂತಾನೆ ಅಂತ ರಕ್ತ ಶುದ್ಧಿಗೆ ಅಂದಿದ್ದೆ.”

ನಾನು ಹೊರಗೆ ಬಂದೆ. ಕಬ್ಬಿಣದ ಟ್ರಂಕಿನ ಅಡಿಯಿಂದ ಎರಡು ವರ್ಷದ ಹಾಳೆಗಳನ್ನೆಲ್ಲ ಎಳೆದು ಅಪ್ಪನ ಮುಂದೆ ಹರಡಿದೆ. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ, ಎಷ್ಟೋ ಅರ್ಧ ಹಕ್ಕಿಗಳು. ಅಪ್ಪ ಒಂದೊಂದೇ ತೆಗೆದು ನೋಡಿದರು. ಭಾವನಿಗೆ ನಗು ತಡೆಯಲಾಗಲಿಲ್ಲ. ಅಪ್ಪ ನಗಲಿಲ್ಲ. ಮುಖ ಇನ್ನಷ್ಟು ಇಳಿಯಿತು.

“ಇದನ್ನ ಹೇಳಿದ್ರೆ ಇನ್ನೂ ಕೆಟ್ಟಂಗಾತಲ್ಲಲೇ. ಹೊಟ್ಟೆಗಾದ್ರೆ ಔಷಧ ಐತೆ. ಅಂಗಡಿ ಹುಡುಗ ಎರಡೆರಡು ತಾಸು ಬಕ ನೋಡ್ಕೊಂತ ಕೂತಿರ್ತಾನೆ ಅಂದ್ರೆ ಯಾರು ಹೆಣ್ಣು ಕೊಡ್ತಾರೆ?” ಆಮೇಲೆ ಭಾವನ ಕಡೆ ತಿರುಗಿ, “ಹೊಟ್ಟೆ ಕೆಟ್ಟಿತ್ತು, ಈಗ ವಾಸಿ ಆಗೇತೆ, ಕೆರೆ ಕಡೆ ಹೋಗೋದು ನಿಂತೇತೆ ಅಂತ ಹೇಳ್ರಿ” ಎಂದು ಮುಗಿಸಿದರು. ನನಗೆ ಆಣೆ ಹಾಕಿಸಲಿಲ್ಲ. ಕೊಡೆಯನ್ನು ತೆಗೆದು ಅಟ್ಟದ ಮೇಲೆ ಇಟ್ಟರು.

ಮೂರು ದಿನ ಹೋಗಲಿಲ್ಲ. ಮೂರು ದಿನವೂ ಐದೂವರೆಗೆ ಎಚ್ಚರವಾಗಿ, ಹಾಸಿಗೆಯಲ್ಲೇ ಕಣ್ಣುಮುಚ್ಚಿ ಕೆರೆಯನ್ನು ಕಾಣುತ್ತಿದ್ದೆ. ಸುಮಂಗಲಾ ಬೇಕು, ಕೆರೆಯೂ ಬೇಕು. ಎರಡರಲ್ಲಿ ಒಂದು ಎಂದರೆ ಯಾವುದು ಎಂದು ಕೇಳಿಕೊಂಡೆ. ಬಂದದ್ದು ದುಃಖ. ನಾಲ್ಕನೆಯ ದಿನ ಅಟ್ಟ ಹತ್ತಿ ಕೊಡೆ ಇಳಿಸಿದ್ದು ನಾನೇ ಆದರೂ, ನಿದ್ದೆಯಲ್ಲಿ ನಡೆದವನ ಹಾಗೆ ಹೋಗಿದ್ದೆ.

ಆವತ್ತು ಮಂಜು ದಟ್ಟವಾಗಿತ್ತು. ತಾವರೆ ಎಲೆಗಳ ಮೇಲೆ ದೇವನಕ್ಕಿಯೊಂದು ಉದ್ದ ಬೆರಳೂರಿ, ನೀರಿಗೆ ಗೊತ್ತಾಗದ ಹಾಗೆ ನಡೆಯುತ್ತಿತ್ತು. ನಾಲ್ಕು ಹೆಜ್ಜೆ ಇಟ್ಟು ನಿಲ್ಲುತ್ತದೆ, ಮತ್ತೆ ನಾಲ್ಕು ಹೆಜ್ಜೆ. ಅದು ನಿಂತಾಗ ನಾನು ಗೆರೆ ಎಳೆಯುವುದು, ನಡೆದಾಗ ಕಾಯುವುದು. ಏರಿಯ ಮೇಲೆ ಯಾರೋ ಕೆಮ್ಮಿದರು. ಈಗ ಅರ್ಥ ಗೊತ್ತಿತ್ತು, ಆದರೂ ಅಲುಗಲಿಲ್ಲ. ಮತ್ತೆ ಕೆಮ್ಮು. ಕೆಮ್ಮಿದವರು ಹೋಗಲಿಲ್ಲ.

“ಆಯ್ತೇನ್ರೀ?”

“ಇನ್ನೂ ಅರ್ಧ ಗಂಟೆ ಬೇಕ್ರೀ” ಎಂದೆ, ಯಾರೋ ಬಟ್ಟೆ ಒಗೆಯುವವರು ಕಲ್ಲಿಗೆ ಕಾಯುತ್ತಿದ್ದಾರೆಂದುಕೊಂಡು.

“ಅಯ್ಯೋ ಶಿವನೇ” ಎಂಬ ಉದ್ಗಾರ ಕೇಳಿತು. ಅದರಲ್ಲಿ ನಿಜವಾದ ಮರುಕವಿತ್ತು. ಅಷ್ಟರಲ್ಲಿ ಕೆರೆಯ ಕಡೆಯಿಂದ ಗಾಳಿ ಬೀಸಿ, ಕೊಡೆ ಪಲ್ಟಿ ಹೊಡೆದು ಉರುಳಿತು. ನಾನು ಅದರ ಹಿಂದೆ ಓಡಿ ಹಿಡಿದು ತಿರುಗಿದರೆ, ನನಗೆ ಬೆನ್ನು ಮಾಡಿ, ಹೆಗಲ ಟವೆಲಿನಿಂದ ಕಣ್ಣ ಬದಿಗಳನ್ನು ಮುಚ್ಚಿಕೊಂಡು ನಿಂತವರು ಸೊರಬದ ಗಿರಣಿ ಮಾವ. ಸೋದರಸೊಸೆಯ ಬದುಕಿನ ಪ್ರಶ್ನೆಯಾದ್ದರಿಂದ ಯಾರ ಮಾತನ್ನೂ ನಂಬದೆ, ಹಿಂದಿನ ಸಂಜೆಯೇ ಬಂದು ಶಿರಸ್ತೇದಾರರ ಮನೆಯಲ್ಲಿ ಉಳಿದು, ಸ್ವತಃ ನೋಡಲು ಬಂದಿದ್ದರು.

“ತಿರುಗ್ರಿ ಮಾವ, ಪರವಾಗಿಲ್ಲ” ಎಂದೆ.

ಅವರು ಅನುಮಾನದಿಂದ ಕಾಲುಭಾಗ ತಿರುಗಿದರು. ಪ್ಯಾಂಟು ಷರಟು ಹಾಕಿ ನಿಂತ ನನ್ನನ್ನು, ಗೋಣಿಯನ್ನು, ಬಣ್ಣದ ಡಬ್ಬಿಯನ್ನು, ಕಡೆಗೆ ಚೊಂಬನ್ನು ನೋಡಿದರು. ಬಗ್ಗಿ ಚೊಂಬಿನೊಳಗಿಂದ ಬ್ರಷ್ ಎತ್ತಿದರು. ನೀಲಿ ನೀರು ತೊಟ್ಟಿಕ್ಕಿತು.

“ಎಂತ ಇದು?”

“ಹಕ್ಕಿ ಬರೀತಿದ್ದೆ.”

“ದಿನಾನೂ ಇದೇಯ? ಬೇರೆ ಎಂತದೂ ಇಲ್ಲ?”

“ಇಲ್ಲ.”

ಗೋಣಿಯ ಮೇಲೆ ಧೊಪ್ಪನೆ ಕೂತರು. ಹಾಳೆಯ ಮೇಲಿನ ದೇವನಕ್ಕಿಯನ್ನು ನೋಡಿದರು, ನೀರಿನ ಮೇಲಿನದನ್ನು ನೋಡಿದರು. ಅವರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಹೆಗಲು, ಆಮೇಲೆ ನಗು ಹೊರಬಂತು. ದೇವನಕ್ಕಿ ಹಾರಿಹೋಯಿತು. ನಕ್ಕು ಸುಸ್ತಾದ ಮೇಲೆ ಕಣ್ಣೊರೆಸಿಕೊಂಡು ಚಿಂತೆಗೆ ಬಿದ್ದರು.

“ಅಲ್ಲ ಮಾರಾಯ, ನಿಮ್ಮಪ್ಪ ಬಿಟ್ಟಿದಾನೆ ಅಂತ ಹೇಳಿ ಕಳಿಸಿದಾರೆ. ನೀನು ನೋಡಿದ್ರೆ ಇಲ್ಲೇ ಇದೀಯ. ಮದುವೆ ಆದ ಮೇಲಾದ್ರೂ ಬಿಡ್ತೀಯಾ?”

ಹೂಂ ಎಂದರೆ ಎಲ್ಲ ಸರಿಹೋಗುತ್ತಿತ್ತು. ಅಪ್ಪನಾದರೆ ಹೂಂ ಎನ್ನು ಎಂದು ಕಾಲು ತುಳಿಯುತ್ತಿದ್ದರು. “ಬಿಡಕ್ಕೆ ಆಗಲ್ಲ ಮಾವ. ಮೂರು ದಿನ ನೋಡಿದೆ” ಎಂದುಬಿಟ್ಟೆ. ಸುಮಂಗಲಾ ಕೈತಪ್ಪಿ ಹೋದರು ಎಂದೇ ಅನಿಸಿತು.

ಮಾವ ನೀರು ನೋಡುತ್ತ ಕೂತರು. “ಇದನ್ನ ನಾನು ತೀರ್ಮಾನ ಮಾಡಕ್ಕಾಗಲ್ಲ. ಬಾಳೋಳು ಅವಳು. ಅವಳ ಹತ್ರನೇ ಕೇಳ್ತೀನಿ. ಒಂದು ಚಿತ್ರ ಕೊಡು ಇತ್ಲಾಗೆ, ಬಾಯಲ್ಲಿ ಹೇಳಿದ್ರೆ ನಂಬಲ್ಲ.”

ರಟ್ಟಿನ ಅಡಿಯಲ್ಲಿ ಒಂದೇ ಒಂದು ಪೂರ್ತಿಯಾದ ಚಿತ್ರವಿತ್ತು. ಸೊರಬದಿಂದ ಬಂದ ರಾತ್ರಿ ಬರೆದ ಮಡಿವಾಳ ಹಕ್ಕಿ, ಬಾವಿಕಟ್ಟೆಯ ಸಮೇತ. ಎದುರಿಗಿಲ್ಲದ ಹಕ್ಕಿಯನ್ನು ನೆನಪಿನಿಂದ ಬರೆದದ್ದು ಅದೊಂದೇ. ಕೊಡಲು ನಾಚಿಕೆಯಾಯಿತು, ಆದರೂ ಕೊಟ್ಟೆ. ಮಾವ ಅದನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮಂಜಿನಲ್ಲಿ ನಡೆದುಹೋದರು.

ಆಮೇಲಿನ ಒಂದು ವಾರ ನಾನು ಹಾಕಿದ ಹೆಸರುಗಳಲ್ಲೆಲ್ಲ ತಪ್ಪು. ಅಪ್ಪನಿಗೆ ಎಲ್ಲ ಹೇಳಿದ್ದೆ. ಅವರು ಬೈಯಲೂ ಇಲ್ಲ, ಅದು ಇನ್ನೂ ಕಷ್ಟವಾಗಿತ್ತು. ಎಂಟನೆಯ ದಿನ ಇನ್‌ಲ್ಯಾಂಡ್ ಕಾಗದ ಬಂತು. ಮಾವನ ಅಕ್ಷರದಲ್ಲಿ ಕ್ಷೇಮ ಸಮಾಚಾರ, ಭತ್ತ, ಗಿರಣಿಯ ಹೊಸ ಬೆಲ್ಟು. ಅಡಿಯಲ್ಲಿ ಬೇರೆ ಕೈಯ ಮೂರು ಸಾಲು: “ಚಿತ್ರದಲ್ಲಿ ಬಾಲ ತಪ್ಪಾಗಿದೆ. ಕೂತಾಗ ಅದು ಬಾಲವನ್ನು ಮೇಲೆತ್ತಿರುತ್ತದೆ. ಬಂದು ನೋಡಿ ಬರೆಯಬೇಕು.”

ಅಪ್ಪ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ಮೂರು ಸಲ ಓದಿದರು. “ಒಪ್ಪಿದರೋ ಬಿಟ್ಟರೋ? ಒಂದೂ ತಿಳಿಯಲ್ಲಲ್ಲ ಇದ್ರಾಗೆ!”

“ಬಂದು ನೋಡು ಅಂದಾಳಲ್ಲ, ಇನ್ನೇನು ಡಂಗುರ ಹೊಡೀಬೇಕಾ?” ಎಂದರು ಅವ್ವ. ಕಷಾಯ ಆವತ್ತೇ ನಿಂತಿತು.

ಮುಂದಿನ ವಾರ ಅಪ್ಪನೂ ನಾನೂ ಸೊರಬಕ್ಕೆ ಹೋಗಿ ಅಕ್ಕನ ಮನೆಯಲ್ಲಿ ಉಳಿದು, ಬೆಳಿಗ್ಗೆ ಆರಕ್ಕೆ ಗಿರಣಿ ಮಾವನ ಹಿತ್ತಲಿಗೆ ಹಾಜರಾದೆವು. ಮನೆಯವರೆಲ್ಲ ಹಿಂಬಾಗಿಲ ಮೆಟ್ಟಿಲ ಮೇಲೆ ನೆರೆದಿದ್ದರು. ನನಗೆ ಒಂದು ಮಣೆ ಹಾಕಿದ್ದರು. ಅಷ್ಟು ಜನರೆದುರು, ಅಪ್ಪನೆದುರು, ಬರೀ ಮುಖದಲ್ಲಿ ಕೂತು ಬರೆಯುವುದು ಹೇಗೋ ಎಂದು ಚೂಪಾಗಿದ್ದ ಪೆನ್ಸಿಲನ್ನೇ ಮತ್ತೆ ಚೂಪು ಮಾಡಿದೆ. ಸುಮಂಗಲಾ ಕೊಡ ಹಿಡಿದು ಬಾವಿಯ ಹತ್ತಿರ ಹೋದರು. ರಾಟೆ ಕಿರ್ರೆಂದಿತು. ಮಡಿವಾಳ ಹಕ್ಕಿ ಎಲ್ಲಿಂದಲೋ ಇಳಿದು ಕಟ್ಟೆಯ ಮೇಲೆ ಕೂತು, ಬಾಲ ಎತ್ತಿ, ಒಂದು ಉದ್ದ ಸಿಳ್ಳೆ ಹಾಕಿತು. ಅವರು ಹಗ್ಗ ಹಿಡಿದೇ ನಿಂತರು, ನನ್ನ ಕಡೆ ನೋಡಿ ‘ಹೂಂ’ ಎನ್ನುವಂತೆ ಗಲ್ಲ ಆಡಿಸಿದರು. ಪೆನ್ಸಿಲ್ ಹಾಳೆ ಮುಟ್ಟಿತು.

ಹಿಂದೆ ಮೆಟ್ಟಿಲ ಮೇಲೆ ಗಿರಣಿ ಮಾವ ಗಂಟಲು ಸರಿಮಾಡಿಕೊಂಡು ಅಪ್ಪನಿಗೆ ಹೇಳುವುದು ಕೇಳಿತು. “ಹಂಗಾರೆ ಬೀಗ್ರೆ, ವೈಶಾಖದಲ್ಲೇ ಒಂದು ಮುಹೂರ್ತ...”

“ಶ್!” ಎಂದರು ಅಪ್ಪ. “ಆಮೇಲೆ ಮಾತಾಡಾಣ ಸುಮ್ನಿರ್ರಿ. ಹಕ್ಕಿ ಹಾರಿ ಹೋಗ್ತದೆ.”